ಕೊಂಡದ್ದು ಒಬ್ಬ ಬ್ರೋಕರ್ ಮೂಲಕ, ಮಾರುವುದು ಇನ್ನೊಬ್ಬರ ಮೂಲಕ: ಷೇರು ಇರುವ ಕುಟುಂಬಗಳಿಗೆ ಒಂದು ಪಾಠ



ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಕುಟುಂಬದ ಆಸ್ತಿ ಕೇಳುವ ಒಂದು ಅಂಕಣ ಇರುತ್ತದೆ. ಅಲ್ಲಿ ಕೆಲವರು ‘ಸ್ವಲ್ಪ ಷೇರು ಇದೆ, ಆದರೆ ಮಾರಲು ಆಗುವುದಿಲ್ಲ’ ಎಂದು ಬರೆಯುತ್ತಾರೆ. ಯಾಕೆ ಆಗುವುದಿಲ್ಲ ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ‘ಕೊಡಿಸಿದ ಬ್ರೋಕರ್ ಅಂಗಡಿ ಮುಚ್ಚಿದ್ದಾರೆ’, ‘ಅವರು ಊರು ಬಿಟ್ಟಿದ್ದಾರೆ’, ‘ಫೋನ್ ಎತ್ತುವುದಿಲ್ಲ’. ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ, ಶುಲ್ಕ ಕಟ್ಟಲು ಕೆಲವೇ ದಿನ ಉಳಿದಿದೆ, ಷೇರಿನಲ್ಲಿರುವ ಎರಡು ಲಕ್ಷ ಮುಟ್ಟಲಾಗದೆ ಒಡವೆ ಅಡವಿಡುವ ಮಾತು ಮನೆಯಲ್ಲಿ ನಡೆಯುತ್ತಿದೆ. ಅದರ ಅಗತ್ಯವಿಲ್ಲ. ಷೇರನ್ನು ಯಾವ ಬ್ರೋಕರ್ ಮೂಲಕ ಕೊಂಡಿರೋ ಅವರ ಮೂಲಕವೇ ಮಾರಬೇಕು ಎಂಬ ನಿಯಮ ನಮ್ಮ ದೇಶದಲ್ಲಿ ಇಲ್ಲ. ಈ ಪಾಠದ ಮುಖ್ಯ ವಿಷಯ ಇದೇ. ಮಾರುವುದು ಹೇಗೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

1. ಷೇರು ನಿಜವಾಗಿ ಇರುವುದು ಎಲ್ಲಿ?

ಜಮೀನು ಕೊಳ್ಳುವಾಗ ನಡುವೆ ಒಬ್ಬ ದಲ್ಲಾಳಿ ಇರುತ್ತಾನೆ. ವ್ಯವಹಾರ ಮುಗಿದ ಮೇಲೆ ಪಹಣಿಯಲ್ಲಿ ನಿಮ್ಮ ಹೆಸರು ಕೂರುತ್ತದೆ. ಪಹಣಿ ಸರ್ಕಾರದ ದಾಖಲೆಯಲ್ಲಿರುತ್ತದೆಯೇ ಹೊರತು ದಲ್ಲಾಳಿಯ ಮನೆಯಲ್ಲಲ್ಲ. ಹತ್ತು ವರ್ಷದ ನಂತರ ಆ ಜಮೀನನ್ನು ಬೇರೆ ದಲ್ಲಾಳಿಯ ಮೂಲಕ ಮಾರಿದರೆ ಹಳಬ ತಕರಾರು ಮಾಡುವಂತಿಲ್ಲ.

ಷೇರಿನದೂ ಇದೇ ಕತೆ. ಇದನ್ನು ಅರಿಯಲು ಮೂವರನ್ನು ಬೇರೆಬೇರೆಯಾಗಿ ಗುರುತಿಸಬೇಕು.

ಮೊದಲನೆಯದು ಡಿಪಾಸಿಟರಿ. ನಿಮ್ಮ ಹೆಸರಿನಲ್ಲಿ ಎಷ್ಟು ಷೇರು ಇದೆ ಎಂಬ ಮೂಲ ದಾಖಲೆ ಇಡುವ ಸಂಸ್ಥೆ. ಭಾರತದಲ್ಲಿ ಇಂಥವು ಎರಡೇ. 1996ರ ಡಿಪಾಸಿಟರಿ ಕಾಯ್ದೆ ಬಂದ ವರ್ಷವೇ ಕೆಲಸ ಆರಂಭಿಸಿದ ಎನ್‌ಎಸ್‌ಡಿಎಲ್ ಒಂದು, 1999ರಲ್ಲಿ ಬಂದ ಸಿಡಿಎಸ್‌ಎಲ್ ಇನ್ನೊಂದು.

ಎರಡನೆಯದು ಡಿಪಿ, ಅಂದರೆ ಡಿಪಾಸಿಟರಿಯ ಪರವಾಗಿ ನಿಮಗೆ ಡಿಮ್ಯಾಟ್ ಖಾತೆ ತೆರೆದುಕೊಡುವವರು. ಇದು ಬ್ಯಾಂಕ್ ಆಗಿರಬಹುದು, ಬ್ರೋಕರ್ ಕಂಪನಿಯೇ ಆಗಿರಬಹುದು.

ಮೂರನೆಯವರು ಬ್ರೋಕರ್. ಷೇರು ವಿನಿಮಯ ಕೇಂದ್ರದಲ್ಲಿ ನಿಮ್ಮ ಪರವಾಗಿ ಕೊಳ್ಳುವ, ಮಾರುವ ಆದೇಶ ಹಾಕುವವರು. ಇವರ ಬಳಿ ಇರುವುದು ನಿಮ್ಮ ಟ್ರೇಡಿಂಗ್ ಖಾತೆ.

ಇಂದು ಬಹಳ ಕಡೆ ಡಿಪಿ ಮತ್ತು ಬ್ರೋಕರ್ ಒಂದೇ ಕಂಪನಿ. ಎರಡೂ ಖಾತೆ ಒಂದೇ ಆ್ಯಪ್‌ನಲ್ಲಿ ಕಾಣುತ್ತವೆ. ಹಾಗಾಗಿ ‘ನಮ್ಮ ಷೇರು ಬ್ರೋಕರ್ ಹತ್ತಿರ ಇದೆ’ ಎಂದು ಜನ ಅಂದುಕೊಳ್ಳುತ್ತಾರೆ. ಷೇರು ಇರುವುದು ಡಿಪಾಸಿಟರಿಯ ದಾಖಲೆಯಲ್ಲಿ, ನಿಮ್ಮ ಹೆಸರಿನಲ್ಲಿ. ಬ್ರೋಕರ್ ಅಂಗಡಿ ಮುಚ್ಚಿದ ಮಾತ್ರಕ್ಕೆ ಅದು ಕರಗಿ ಹೋಗುವುದಿಲ್ಲ.

ನಮ್ಮ ರಾಜ್ಯದಲ್ಲೇ ಇದಕ್ಕೆ ಉದಾಹರಣೆ ಇದೆ. ಒಂದು ಕಾಲಕ್ಕೆ ಬೆಂಗಳೂರಿನಲ್ಲೂ ಮಂಗಳೂರಿನಲ್ಲೂ ಷೇರು ವಿನಿಮಯ ಕೇಂದ್ರಗಳಿದ್ದವು. ಮಂಗಳೂರಿನದು ಮೊದಲೇ ನಿಂತಿತು, ಬೆಂಗಳೂರಿನದು 2014ರ ಕೊನೆಗೆ ವ್ಯವಹಾರದಿಂದ ಹೊರನಡೆಯಿತು. ವಿನಿಮಯ ಕೇಂದ್ರವೇ ಮುಚ್ಚಿದರೂ ಜನರ ಡಿಮ್ಯಾಟ್ ಖಾತೆಯ ಷೇರು ಅವರವರ ಹೆಸರಿನಲ್ಲೇ ಉಳಿಯಿತು.

2. ಮೊದಲ ಕೆಲಸ: ಏನಿದೆ, ಎಲ್ಲಿದೆ ಎಂದು ತಿಳಿಯುವುದು

ಹೊಸ ಬ್ರೋಕರ್ ಹುಡುಕುವ ಮುನ್ನ ಮನೆಯ ಕಪಾಟು ಹುಡುಕಿ. ಬೇಕಾದದ್ದು ಡಿಮ್ಯಾಟ್ ಖಾತೆಯ 16 ಸ್ಥಾನದ ಸಂಖ್ಯೆ. ಸಿಡಿಎಸ್‌ಎಲ್ ಖಾತೆಯಾದರೆ 16ಕ್ಕೆ 16 ಸ್ಥಾನವೂ ಅಂಕಿಗಳೇ. ಎನ್‌ಎಸ್‌ಡಿಎಲ್ ಖಾತೆಯಾದರೆ ‘ಐಎನ್’ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುತ್ತದೆ. ಸಂಖ್ಯೆ ನೋಡಿದ ಕೂಡಲೇ ನಿಮ್ಮದು ಯಾವ ಡಿಪಾಸಿಟರಿ ಎಂದು ಗೊತ್ತಾಗುತ್ತದೆ.

ಸಂಖ್ಯೆ ಸಿಗದಿದ್ದರೆ ಇ-ಮೇಲ್ ನೋಡಿ. ಎರಡೂ ಡಿಪಾಸಿಟರಿಗಳು ಪ್ಯಾನ್ ಸಂಖ್ಯೆಯ ಆಧಾರದಲ್ಲಿ ‘ಕ್ಯಾಸ್’ ಎಂಬ ಒಟ್ಟು ವಿವರಪಟ್ಟಿ ಕಳಿಸುತ್ತವೆ. ವ್ಯವಹಾರ ನಡೆದ ತಿಂಗಳಲ್ಲಿ ಅದು ಬರುತ್ತದೆ, ಏನೂ ನಡೆಯದಿದ್ದರೆ ಆರು ತಿಂಗಳಿಗೊಮ್ಮೆ ಬರುತ್ತದೆ. ನಿಮ್ಮ ಹೆಸರಿನಲ್ಲಿರುವ ಡಿಮ್ಯಾಟ್ ಖಾತೆಗಳು, ಅವುಗಳಲ್ಲಿರುವ ಷೇರುಗಳು, ಮ್ಯೂಚುವಲ್ ಫಂಡ್‌ಗಳು ಎಲ್ಲ ಅದರಲ್ಲಿ ಇರುತ್ತವೆ. ಫೋನ್ ನಂಬರ್, ಇ-ಮೇಲ್, ವಿಳಾಸ ಬದಲಾಗಿದ್ದರೆ ಡಿಪಿಗೆ ಬರೆದು ಮೊದಲು ಅದನ್ನು ಸರಿಪಡಿಸಿ. ಮುಂದೆ ಬರುವ ಒಟಿಪಿ ಎಲ್ಲ ಆ ನಂಬರಿಗೇ ಬರುವುದು.

ಪಟ್ಟಿಯಲ್ಲಿ ಕಂಪನಿಯ ಹೆಸರು ಕಾಣದಿದ್ದರೆ ಗಾಬರಿ ಬೇಡ. ಹೆಸರು ಬದಲಾಗಿರಬಹುದು, ವಿಲೀನವಾಗಿರಬಹುದು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಅದರ 1,000 ಷೇರಿಗೆ ಯೂನಿಯನ್ ಬ್ಯಾಂಕಿನ 330 ಷೇರು ಬಂದವು. ಅದಕ್ಕೂ ಒಂದು ವರ್ಷ ಮೊದಲು ವಿಜಯಾ ಬ್ಯಾಂಕಿನ 1,000 ಷೇರಿಗೆ ಬ್ಯಾಂಕ್ ಆಫ್ ಬರೋಡಾದ 402 ಷೇರು ಬಂದಿದ್ದವು. ಹಳೆಯ ಹೆಸರು ಹುಡುಕಿ ‘ಇಲ್ಲ’ ಎಂದು ಕೈಬಿಡಬೇಡಿ.

ಇನ್ನೊಂದು ಪರೀಕ್ಷೆ: ಖಾತೆ ಚಾಲ್ತಿಯಲ್ಲಿದೆಯೇ? ವರ್ಷದ ನಿರ್ವಹಣಾ ಶುಲ್ಕ ಬಾಕಿ ಇದ್ದರೆ, ಕೆವೈಸಿ ಅಪೂರ್ಣವಾಗಿದ್ದರೆ, ಷೇರು ಅಡಮಾನದಲ್ಲಿದ್ದರೆ ಅದು ಸಾಗುವುದಿಲ್ಲ. ಈ ಗಂಟುಗಳನ್ನು ಮೊದಲು ಬಿಡಿಸಿಕೊಳ್ಳಬೇಕು.

3. ಮಾರಲು ಮೂರು ದಾರಿ

ಒಂದನೇ ದಾರಿ: ಹೊಸ ಬ್ರೋಕರ್ ಬಳಿ ಡಿಮ್ಯಾಟ್ ಮತ್ತು ಟ್ರೇಡಿಂಗ್ ಖಾತೆ ತೆರೆಯುವುದು, ಹಳೆಯ ಡಿಮ್ಯಾಟ್‌ನಿಂದ ಬೇಕಾದ ಷೇರನ್ನು ಹೊಸ ಡಿಮ್ಯಾಟ್‌ಗೆ ವರ್ಗಾಯಿಸಿ ಅಲ್ಲಿಂದ ಮಾರುವುದು. ಹಳೆಯ ಖಾತೆಯೂ ಉಳಿಯುತ್ತದೆ. ಒಂದು ಕಂಪನಿಯ ಷೇರು ಮಾತ್ರ ಮಾರಬೇಕಿದ್ದರೆ ಇದು ಸಾಕು. ಹಳೆಯ ಡಿಪಿ ಪ್ರತಿ ಕಂಪನಿಯ ವರ್ಗಾವಣೆಗೆ ಸಣ್ಣ ಶುಲ್ಕ ಹಾಕುತ್ತಾರೆ.

ಎರಡನೇ ದಾರಿ: ಹಳೆಯ ಖಾತೆಯನ್ನು ಮುಚ್ಚಿ, ಅದರಲ್ಲಿರುವುದನ್ನೆಲ್ಲ ಹೊಸ ಖಾತೆಗೆ ಸಾಗಿಸುವುದು. ಹೊಸ ಖಾತೆಯಲ್ಲಿ ಅದೇ ಹೆಸರುಗಳು ಅದೇ ಕ್ರಮದಲ್ಲಿ ಇದ್ದರೆ ಈ ವರ್ಗಾವಣೆಗೆ ಡಿಪಿ ಶುಲ್ಕ ಕೇಳುವಂತಿಲ್ಲ. ಇದು ಸೆಬಿಯ ನಿಯಮ. ಬಾಕಿ ನಿರ್ವಹಣಾ ಶುಲ್ಕ ಇದ್ದರೆ ಅದನ್ನು ಮಾತ್ರ ತೀರಿಸಬೇಕು. ಹಳೆಯ ಬ್ರೋಕರ್ ಜತೆ ಇನ್ನು ವ್ಯವಹಾರ ಬೇಡ ಎನ್ನುವವರಿಗೆ ಇದು ಒಳ್ಳೆಯ ದಾರಿ.

ಮೂರನೇ ದಾರಿ: ಷೇರು ಹಳೆಯ ಡಿಮ್ಯಾಟ್‌ನಲ್ಲೇ ಇರಲಿ, ಮಾರಾಟ ಮಾತ್ರ ಬೇರೆ ಬ್ರೋಕರ್ ಮೂಲಕ ನಡೆಯಲಿ ಎನ್ನುವುದು. ಹಿಂದೆ ಬ್ಯಾಂಕಿನಲ್ಲಿ ಡಿಮ್ಯಾಟ್ ಇಟ್ಟುಕೊಂಡು ಊರಿನ ಬ್ರೋಕರ್ ಮೂಲಕ ಮಾರುತ್ತಿದ್ದವರು ಹೀಗೆಯೇ ಮಾಡುತ್ತಿದ್ದರು. ಮಾರಿದ ಮೇಲೆ ಬ್ರೋಕರ್ ಕೊಟ್ಟ ಸೆಟ್ಲ್‌ಮೆಂಟ್ ಸಂಖ್ಯೆ ಮತ್ತು ಅವರ ಪೂಲ್ ಖಾತೆಯ ವಿವರವನ್ನು ಚೀಟಿಯಲ್ಲಿ ಬರೆದು ಗಡುವಿನೊಳಗೆ ಡಿಪಿಗೆ ತಲುಪಿಸಬೇಕು. 2023ರ ಜನವರಿ 27ರಿಂದ ಎಲ್ಲ ಷೇರುಗಳ ವ್ಯವಹಾರ ಮಾರನೆಯ ಕೆಲಸದ ದಿನವೇ ಇತ್ಯರ್ಥವಾಗುವುದರಿಂದ ಈ ಗಡುವು ಬಹಳ ಬಿಗಿ. ಚೀಟಿ ತಡವಾದರೆ ನೀವು ಕೊಡಬೇಕಾದ ಷೇರನ್ನು ಹರಾಜಿನಲ್ಲಿ ಕೊಳ್ಳಲಾಗುತ್ತದೆ, ಅದರ ನಷ್ಟ ನಿಮ್ಮ ತಲೆಗೆ ಬರುತ್ತದೆ. ಆ್ಯಪ್ ಮೂಲಕ ನಡೆಯುವ ಅನೇಕ ಬ್ರೋಕರ್‌ಗಳು ಈ ಪದ್ಧತಿಗೆ ಒಪ್ಪುವುದೂ ಇಲ್ಲ. ಅಭ್ಯಾಸವಿಲ್ಲದವರು ಈ ದಾರಿಗೆ ಹೋಗದಿರುವುದು ಮೇಲು.

ಮೂರರಲ್ಲಿ ನಮ್ಮ ಓದುಗರಿಗೆ ಹೊಂದುವುದು ಮೊದಲ ಎರಡು. ಎರಡರಲ್ಲೂ ಷೇರು ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ಒಡೆಯ ಬದಲಾಗುವುದಿಲ್ಲ. ಆದ್ದರಿಂದ ಈ ವರ್ಗಾವಣೆ ಮಾರಾಟವಲ್ಲ, ಇದಕ್ಕೆ ಲಾಭದ ಮೇಲಿನ ತೆರಿಗೆ ಇಲ್ಲ. ತೆರಿಗೆಯ ಲೆಕ್ಕ ಬರುವುದು ನಿಜವಾಗಿ ಮಾರಿದ ದಿನ.

4. ಖಾತೆ ತೆರೆಯುವುದು, ಚೀಟಿ ತುಂಬುವುದು

ಹೊಸ ಖಾತೆಗೆ ಬೇಕಾದದ್ದು ಪ್ಯಾನ್, ಆಧಾರ್, ಫೋಟೊ, ಬ್ಯಾಂಕ್ ಖಾತೆಯ ರದ್ದು ಮಾಡಿದ ಚೆಕ್ ಅಥವಾ ಪಾಸ್‌ಬುಕ್. ಬ್ರೋಕರ್ ಸೆಬಿಯಲ್ಲಿ ನೋಂದಾಯಿತರೇ ಎಂದು ಸೆಬಿಯ ಜಾಲತಾಣದಲ್ಲಿ ನೋಡಿ. ಖಾತೆ ತೆರೆಯುವಾಗ ಷೇರು ವ್ಯವಹಾರದ ವಿಭಾಗವನ್ನಷ್ಟೇ ಆರಿಸಿ. ಫ್ಯೂಚರ್ಸ್, ಆಪ್ಷನ್ಸ್ ವಿಭಾಗ ಬೇಡವೆನ್ನಿ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಅದರಲ್ಲಿ ಕೈಹಾಕಿದ ವ್ಯಕ್ತಿಗಳಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡರೆಂದು ಸೆಬಿಯ ಅಧ್ಯಯನವೇ ಹೇಳಿದೆ. ಶುಲ್ಕದ ಹಣಕ್ಕೆ ಅದು ಜಾಗವಲ್ಲ.

ಇರುವುದು ಒಂದೇ ಡಿಮ್ಯಾಟ್ ಆದರೆ ಅದನ್ನು ‘ಮೂಲ ಸೇವಾ ಡಿಮ್ಯಾಟ್ ಖಾತೆ’ಯಾಗಿ ಕೇಳಿ. 2024ರ ಸೆಪ್ಟೆಂಬರ್ 1ರಿಂದ ಇಂಥ ಖಾತೆಯಲ್ಲಿ 4 ಲಕ್ಷ ರೂ.ವರೆಗಿನ ಹೂಡಿಕೆಗೆ ವರ್ಷದ ನಿರ್ವಹಣಾ ಶುಲ್ಕ ಇಲ್ಲ.

ಖಾತೆ ತೆರೆದ ಮೇಲೆ ಹೊಸ ಡಿಪಿಯಿಂದ ‘ಕ್ಲೈಂಟ್ ಮಾಸ್ಟರ್’ ಪ್ರತಿಯನ್ನು ಮೊಹರು ಹಾಕಿಸಿ ಪಡೆಯಿರಿ. ಆ ಖಾತೆ ನಿಮ್ಮದೇ ಎಂಬುದಕ್ಕೆ ಅದೇ ಪುರಾವೆ. ಹಳೆಯ ಡಿಪಿಯ ಬಳಿ ಡೆಲಿವರಿ ಚೀಟಿ ಪುಸ್ತಕ ಇದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಬರೆದು ಕೇಳಿ. ಚೀಟಿಯಲ್ಲಿ ತುಂಬುವುದು ಇಷ್ಟು:

• ನಿಮ್ಮ ಹಳೆಯ ಖಾತೆಯ ಸಂಖ್ಯೆ ಮತ್ತು ಹೆಸರು.
• ಸೇರಬೇಕಾದ ಹೊಸ ಖಾತೆಯ 16 ಸ್ಥಾನದ ಸಂಖ್ಯೆ. ಒಂದೊಂದು ಅಂಕಿಯನ್ನೂ ಬೆರಳಿಟ್ಟು ಎರಡು ಸಲ ಓದಿ.
• ಕಂಪನಿಯ ಹೆಸರು ಮತ್ತು ಐಸಿನ್, ಅಂದರೆ ಆ ಷೇರಿಗೆ ಇರುವ 12 ಸ್ಥಾನದ ಗುರುತು. ಕ್ಯಾಸ್ ಪಟ್ಟಿಯಲ್ಲಿ ಇದು ಇರುತ್ತದೆ.
• ಷೇರುಗಳ ಸಂಖ್ಯೆ, ಅಂಕಿಯಲ್ಲೂ ಅಕ್ಷರದಲ್ಲೂ.
• ಆಫ್ ಮಾರ್ಕೆಟ್ ಎಂಬ ಕಡೆ ಗುರುತು, ಕಾರಣದ ಕಡೆ ‘ಸ್ವಂತ ಖಾತೆಗೆ ವರ್ಗಾವಣೆ’.
• ಎರಡು ಖಾತೆಗಳು ಬೇರೆ ಬೇರೆ ಡಿಪಾಸಿಟರಿಯಲ್ಲಿದ್ದರೆ ‘ಅಂತರ ಡಿಪಾಸಿಟರಿ’ ಎಂಬ ಗುರುತು.
• ಖಾತೆದಾರರೆಲ್ಲರ ಸಹಿ. ಜಂಟಿ ಖಾತೆಯಾದರೆ ಒಬ್ಬರ ಸಹಿ ಸಾಲದು.

ಖಾಲಿ ಉಳಿದ ಸಾಲುಗಳಿಗೆ ಅಡ್ಡಗೆರೆ ಎಳೆಯಿರಿ. ಚೀಟಿ ಕೊಟ್ಟಾಗ ಮೊಹರು ಹಾಕಿದ ಸ್ವೀಕೃತಿ ಕೇಳಿ ಪಡೆಯಿರಿ. ನಂತರ ಒಟಿಪಿ ಬಂದರೆ ಅದರಲ್ಲಿನ ಸಂಖ್ಯೆ, ಕಂಪನಿ ಎರಡೂ ನೀವು ಬರೆದದ್ದೇ ಎಂದು ನೋಡಿ ಒಪ್ಪಿಗೆ ಕೊಡಿ. ಹಳೆಯ ಡಿಪಿಯ ಕಚೇರಿ ದೂರವಿದ್ದರೆ ಆನ್‌ಲೈನ್ ವ್ಯವಸ್ಥೆಯೂ ಇದೆ. ಸಿಡಿಎಸ್‌ಎಲ್‌ನಲ್ಲಿ ಅದರ ಹೆಸರು ಈಸಿಯೆಸ್ಟ್, ಎನ್‌ಎಸ್‌ಡಿಎಲ್‌ನಲ್ಲಿ ಸ್ಪೀಡ್-ಇ.

ಷೇರು ಸಾಗಲು ಕೆಲವು ಕೆಲಸದ ದಿನ ಬೇಕಾಗಬಹುದು. ಆ ನಡುವೆ ಮಾರಲು ಬರುವುದಿಲ್ಲ, ಬೆಲೆ ಏರಬಹುದು, ಇಳಿಯಲೂಬಹುದು. ಮಾರಿದ ಮಾರನೆಯ ಕೆಲಸದ ದಿನ ಹಣ ಬ್ರೋಕರ್‌ನಲ್ಲಿರುವ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಅಲ್ಲಿಂದ ಬ್ಯಾಂಕ್ ಖಾತೆಗೆ ತರಿಸಿಕೊಳ್ಳಿ. ಒಟ್ಟಿನಲ್ಲಿ ಶುಲ್ಕದ ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಶುರು ಮಾಡುವ ಕೆಲಸ ಇದಲ್ಲ.

5. ಕೊಂಡ ಬೆಲೆಯ ಕಾಗದ: ಎಲ್ಲರೂ ಮರೆಯುವ ವಿಷಯ

ಷೇರು ಹೊಸ ಖಾತೆಗೆ ಬರುತ್ತದೆ, ಕೊಂಡ ಬೆಲೆ ಅದರ ಜತೆ ಬರುವುದಿಲ್ಲ. ಹೊಸ ಬ್ರೋಕರ್‌ಗೆ ನೀವು ಅದನ್ನು ಎಷ್ಟಕ್ಕೆ, ಯಾವಾಗ ಕೊಂಡಿರಿ ಎಂದು ಗೊತ್ತಿರುವುದಿಲ್ಲ. ಆ್ಯಪ್‌ನಲ್ಲಿ ಬೆಲೆಯ ಜಾಗ ಖಾಲಿ ಇರಬಹುದು, ಸೊನ್ನೆಯೂ ಇರಬಹುದು. ಆದ್ದರಿಂದ ಹಳೆಯ ಖಾತೆ ಮುಚ್ಚುವ ಮುನ್ನ ಮೂರು ಕಾಗದ ತೆಗೆದಿಡಿ: ಕೊಂಡ ದಿನದ ಕಾಂಟ್ರಾಕ್ಟ್ ನೋಟ್, ಡಿಮ್ಯಾಟ್ ಖಾತೆಯ ಆರಂಭದಿಂದ ಇಲ್ಲಿಯವರೆಗಿನ ವಹಿವಾಟಿನ ಪಟ್ಟಿ, ಬ್ರೋಕರ್‌ನ ಲೆಕ್ಕದ ಪ್ರತಿ.

ಇದರ ಬೆಲೆ ಎಷ್ಟೆಂದು ಒಂದು ಲೆಕ್ಕ ಮಾಡಿ ನೋಡೋಣ. ಒಬ್ಬರು 2012ರಲ್ಲಿ ಒಂದು ಕಂಪನಿಯ 400 ಷೇರನ್ನು ತಲಾ 90 ರೂ.ಗೆ ಕೊಂಡಿದ್ದಾರೆ ಎಂದುಕೊಳ್ಳಿ. ಈಗ ತಲಾ 600 ರೂ.ಗೆ ಮಾರಿದರೆ ಬರುವ ಹಣ 2,40,000 ರೂ. 2018ರ ಜನವರಿ 31ಕ್ಕೆ ಮೊದಲು ಕೊಂಡ ಷೇರಿಗೆ ಕಾನೂನಿನಲ್ಲಿ ಒಂದು ರಿಯಾಯಿತಿ ಇದೆ. ಆ ದಿನದ ಮಾರುಕಟ್ಟೆ ಬೆಲೆ ಕೊಂಡ ಬೆಲೆಗಿಂತ ಹೆಚ್ಚಾಗಿದ್ದು, ಮಾರಿದ ಬೆಲೆಯನ್ನು ಮೀರದಿದ್ದರೆ, ಅದನ್ನೇ ಕೊಂಡ ಬೆಲೆಯೆಂದು ಹಿಡಿಯಬಹುದು. ನಮ್ಮ ಲೆಕ್ಕದಲ್ಲಿ ಆ ಬೆಲೆ 250 ರೂ. ಎಂದಿಟ್ಟುಕೊಳ್ಳಿ.

ಲಾಭ: 600ರಲ್ಲಿ 250 ಕಳೆದರೆ 350. 400 ಷೇರಿಗೆ 1,40,000 ರೂ.
ವರ್ಷಕ್ಕೆ ತೆರಿಗೆಯಿಲ್ಲದ ದೀರ್ಘಾವಧಿ ಲಾಭ: 1,25,000 ರೂ.
ಉಳಿದದ್ದು: 15,000 ರೂ. ಅದರ ಮೇಲೆ ಶೇ 12.5ರಂತೆ ತೆರಿಗೆ 1,875 ರೂ. ಸೆಸ್ ಬೇರೆ.

ಈಗ ಕೊಂಡದ್ದಕ್ಕೆ ಯಾವ ಕಾಗದವೂ ಇಲ್ಲ, ಬೆಲೆಯನ್ನು ಸೊನ್ನೆ ಎಂದು ಹಿಡಿದರು ಎನ್ನಿ. ಲಾಭ ಪೂರ್ತಿ 2,40,000 ರೂ. ಆಗುತ್ತದೆ. 1,25,000 ಕಳೆದರೆ 1,15,000 ಉಳಿಯುತ್ತದೆ. ಅದಕ್ಕೆ ತೆರಿಗೆ 14,375 ರೂ. ಎರಡರ ನಡುವಿನ ವ್ಯತ್ಯಾಸ 12,500 ರೂ. ಒಂದು ಹಳೆಯ ಕಾಗದದ ಬೆಲೆ ಇಷ್ಟು.

ಈ ದರಗಳು 2024ರ ಜುಲೈ 23ರಿಂದ ಜಾರಿಯಲ್ಲಿವೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಷೇರಿಗೆ ಶೇ 12.5, ಅದಕ್ಕಿಂತ ಕಡಿಮೆಯಾದರೆ ಶೇ 20. ಖಾತೆ ಬದಲಿಸಿದ ದಿನದಿಂದ ವರ್ಷ ಎಣಿಸುವುದಲ್ಲ, ಮೊದಲು ಕೊಂಡ ದಿನದಿಂದಲೇ ಎಣಿಸಬೇಕು. ಬೇರೆ ಬೇರೆ ದಿನ ಕೊಂಡಿದ್ದರೆ ಖಾತೆಗೆ ಮೊದಲು ಬಂದದ್ದು ಮೊದಲು ಹೋಯಿತು ಎಂಬ ಲೆಕ್ಕ. 2018ರ ಜನವರಿ ನಂತರ ಬಂದ ಬೋನಸ್ ಷೇರಿಗೆ ಕೊಂಡ ಬೆಲೆ ಸೊನ್ನೆಯೇ. ಮಾರುವಾಗ ಶೇ 0.1ರಷ್ಟು ವಹಿವಾಟು ತೆರಿಗೆಯೂ ಇದೆ. ಮೇಲಿನ 2,40,000 ರೂ.ಗೆ ಅದು 240 ರೂ. ಬೇರೆ ಆದಾಯ ಕಡಿಮೆ ಇರುವ ಮನೆಗಳಲ್ಲಿ ತೆರಿಗೆ ಇನ್ನೂ ಇಳಿಯಬಹುದು. ರಿಟರ್ನ್ ಸಲ್ಲಿಸುವ ಮುನ್ನ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ.

6. ಕಾಗದದ ಷೇರು ಪತ್ರ ಇದ್ದರೆ

ಕೆಲವು ಮನೆಗಳಲ್ಲಿ ಇನ್ನೂ ಟ್ರಂಕಿನಲ್ಲಿ ಷೇರು ಪತ್ರಗಳಿವೆ. ಹಿಂದೆ ಪತ್ರ ಮತ್ತು ಸಹಿ ಮಾಡಿದ ವರ್ಗಾವಣೆ ನಮೂನೆ ಹಿಡಿದು ಯಾವ ಬ್ರೋಕರ್ ಬಳಿಗೂ ಹೋಗಬಹುದಿತ್ತು. ಪಟ್ಟಿಯಲ್ಲಿರುವ ಕಂಪನಿಗಳ ಕಾಗದದ ಷೇರನ್ನು 2019ರ ಏಪ್ರಿಲ್ 1ರಿಂದ ಹಾಗೆ ಮಾರಲು ಬರುವುದಿಲ್ಲ. ಮೊದಲು ಡಿಮ್ಯಾಟ್ ಮಾಡಿಸಬೇಕು. ಯಾವ ಡಿಪಿ ಬಳಿಯಾದರೂ ನಿಮ್ಮ ಹೆಸರಿನ ಖಾತೆ ತೆರೆದು, ಡಿಮ್ಯಾಟ್ ಕೋರಿಕೆಯ ನಮೂನೆಯೊಂದಿಗೆ ಪತ್ರಗಳನ್ನು ಒಪ್ಪಿಸಬೇಕು. ಅದು ಕಂಪನಿಯ ರಿಜಿಸ್ಟ್ರಾರ್ ಬಳಿ ಹೋಗಿ ಪರೀಕ್ಷೆಯಾಗಿ ಬರುತ್ತದೆ.

ಇಲ್ಲಿ ತೊಡಕಾಗುವುದು ಹೆಸರು ಮತ್ತು ಸಹಿ. ನಮ್ಮವರ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕಾಗದಕ್ಕೊಂದು ಕಾಗುಣಿತ. ಮೊಹಮ್ಮದ್ ಎಂಬುದನ್ನು ಪತ್ರದಲ್ಲಿ ಒಂದು ರೀತಿ, ಪ್ಯಾನ್‌ನಲ್ಲಿ ಇನ್ನೊಂದು ರೀತಿ ಬರೆದಿರುತ್ತಾರೆ. ಶೇಖ್, ಸೈಯದ್ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಬಿಟ್ಟುಹೋಗಿರುತ್ತದೆ. ಹಾಗಿದ್ದರೆ ಪತ್ರ ಒಪ್ಪಿಸುವ ಮುನ್ನವೇ ರಿಜಿಸ್ಟ್ರಾರ್‌ಗೆ ಬರೆದು ಯಾವ ಪ್ರಮಾಣಪತ್ರ ಬೇಕೆಂದು ಕೇಳಿ. ಕೆವೈಸಿಗೆ ಐಎಸ್‌ಆರ್-1, ಬ್ಯಾಂಕಿನಿಂದ ಸಹಿ ದೃಢೀಕರಿಸಲು ಐಎಸ್‌ಆರ್-2 ಎಂಬ ನಮೂನೆಗಳಿವೆ. ಇದು ತಿಂಗಳುಗಳ ಕೆಲಸ.

ಸತತ 7 ವರ್ಷ ಲಾಭಾಂಶ ಪಡೆಯದೆ ಬಿಟ್ಟಿದ್ದರೆ ಆ ಷೇರು ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗಿರುತ್ತದೆ. ಅದೂ ಕಳೆದುಹೋದದ್ದಲ್ಲ. ಐಇಪಿಎಫ್-5 ಎಂಬ ಅರ್ಜಿ ಸಲ್ಲಿಸಿ ಮರಳಿ ಪಡೆಯಬಹುದು.

7. ಷೇರು ಇದ್ದವರು ತೀರಿಹೋಗಿದ್ದರೆ

ವಿದ್ಯಾರ್ಥಿವೇತನ ಪಡೆಯುವ ಮಕ್ಕಳಲ್ಲಿ ತಂದೆಯನ್ನು ಕಳೆದುಕೊಂಡವರು ಇದ್ದಾರೆ. ಅವರ ತಾಯಂದಿರು ಈ ಭಾಗವನ್ನು ನಿಧಾನವಾಗಿ ಓದಬೇಕು.

ತಂದೆಯ ಫೋನ್, ಆ್ಯಪ್‌ನ ಪಾಸ್‌ವರ್ಡ್ ಮನೆಯಲ್ಲಿ ಇದ್ದರೂ ಅದರಿಂದ ಮಾರಬಾರದು. ತೀರಿಹೋದವರ ಹೆಸರಿನಲ್ಲಿ ಆದೇಶ ಹಾಕುವ ಅಧಿಕಾರ ಯಾರಿಗೂ ಇಲ್ಲ. ಮುಂದೆ ತಕರಾರು ಬಂದರೆ ಮಾರಿದವರೇ ಉತ್ತರ ಹೇಳಬೇಕಾಗುತ್ತದೆ. ಸರಿಯಾದ ದಾರಿಗೆ ಟ್ರಾನ್ಸ್‌ಮಿಷನ್ ಎಂದು ಹೆಸರು. ನಾಮಿನಿ ಇದ್ದರೆ ಮರಣ ಪ್ರಮಾಣಪತ್ರದ ದೃಢೀಕೃತ ಪ್ರತಿ, ನಿಗದಿತ ಅರ್ಜಿ, ನಾಮಿನಿಯ ಸ್ವಂತ ಡಿಮ್ಯಾಟ್ ಖಾತೆಯ ವಿವರ ಕೊಟ್ಟರೆ ಷೇರು ಅವರ ಖಾತೆಗೆ ಬರುತ್ತದೆ. ಆ ಖಾತೆ ಯಾವ ಡಿಪಿ ಬಳಿಯಾದರೂ ಇರಬಹುದು. ಅಂದರೆ ಇಲ್ಲಿಯೂ ಹಳೆಯ ಬ್ರೋಕರ್‌ಗೆ ಅಂಟಿಕೊಳ್ಳಬೇಕಿಲ್ಲ. ನಾಮಿನಿ ಇಲ್ಲದಿದ್ದರೆ ಒಂದು ಡಿಮ್ಯಾಟ್ ಖಾತೆಯಲ್ಲಿ 15 ಲಕ್ಷ ರೂ.ವರೆಗೆ ಸರಳ ದಾಖಲೆಗಳ ಮೇಲೆ ಕೆಲಸವಾಗುತ್ತದೆ, ಅದಕ್ಕಿಂತ ಹೆಚ್ಚಿದ್ದರೆ ನ್ಯಾಯಾಲಯದ ವಾರಸು ದಾಖಲೆ ಬೇಕಾಗಬಹುದು.

ನಾಮಿನಿಯಾದವರು ಒಂದು ವಿಷಯ ನೆನಪಿಡಬೇಕು. ಷೇರು ನಾಮಿನಿಯ ಹೆಸರಿಗೆ ಬಂದಿತೆಂದರೆ ಅದು ಅವರೊಬ್ಬರದೇ ಆಯಿತೆಂದಲ್ಲ. 2023ರ ಡಿಸೆಂಬರ್ 14ರಂದು ಸುಪ್ರೀಂ ಕೋರ್ಟ್ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ: ನಾಮನಿರ್ದೇಶನ ವಾರಸುದಾರಿಕೆಯ ಕಾನೂನನ್ನು ಮೀರುವುದಿಲ್ಲ. ನಮ್ಮಲ್ಲಿ ತಾಯಿಗೆ, ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೆ ಇಂತಿಷ್ಟು ಪಾಲು ಎಂದು ನಿಗದಿಯಾಗಿದೆ. ನಾಮಿನಿಯಾದ ಅಣ್ಣನ ಕೈಯಲ್ಲಿರುವುದು ಅಮಾನತ್ತು. ಮಾರಿದ ಮೇಲೆ ತಂಗಿಯ ಪಾಲು ತಂಗಿಗೆ ಸೇರಬೇಕು. ಎಷ್ಟೋ ಸಲ ಆ ಪಾಲೇ ಅವಳ ಕಾಲೇಜಿನ ಶುಲ್ಕ.

ಮಕ್ಕಳ ಹೆಸರಿನಲ್ಲೇ ಅಪ್ರಾಪ್ತ ವಯಸ್ಕರ ಡಿಮ್ಯಾಟ್ ಖಾತೆ ಇದ್ದರೆ, 18 ತುಂಬಿದ ಕೂಡಲೇ ಅವರ ಸ್ವಂತ ಕೆವೈಸಿ, ಸಹಿ ಕೊಟ್ಟು ಖಾತೆ ಬದಲಿಸಬೇಕು. ಅಲ್ಲಿಯವರೆಗೆ ಖಾತೆ ಕದಲದು. ಪಿಯುಸಿ ಮುಗಿಯುವ ಹೊತ್ತಿಗೇ ಸಾಮಾನ್ಯವಾಗಿ ಮಕ್ಕಳಿಗೆ 18 ತುಂಬುವುದರಿಂದ ಇದು ಸರಿಯಾಗಿ ಶುಲ್ಕದ ಸಮಯಕ್ಕೇ ಅಡ್ಡ ಬರುತ್ತದೆ.

8. ಸಹಿ ಹಾಕುವ ಮುನ್ನ

ಬ್ರೋಕರ್ ಬದಲಿಸುವವರು ಹಳೆಯ ಬ್ರೋಕರ್‌ಗೆ ಯಾವ ಅಧಿಕಾರ ಕೊಟ್ಟಿದ್ದೇವೆ ಎಂಬುದನ್ನೂ ನೋಡಬೇಕು. ಹಿಂದೆ ಖಾತೆ ತೆರೆಯುವಾಗ ಪವರ್ ಆಫ್ ಅಟಾರ್ನಿಗೆ ಸಹಿ ಮಾಡಿಸುತ್ತಿದ್ದರು. ಅದರ ಬಲದಿಂದ ಬ್ರೋಕರ್ ನಿಮ್ಮ ಖಾತೆಯಿಂದ ಷೇರು ತೆಗೆಯಬಹುದಿತ್ತು. ಇದರ ಅಪಾಯ ದೇಶಕ್ಕೆ ಗೊತ್ತಾದದ್ದು ಹೈದರಾಬಾದಿನ ಕಾರ್ವಿ ಸ್ಟಾಕ್ ಬ್ರೋಕಿಂಗ್ ಪ್ರಕರಣದಲ್ಲಿ. 2019ರ ನವೆಂಬರ್ 22ರಂದು ಸೆಬಿ ಅದರ ವಿರುದ್ಧ ಆದೇಶ ಹೊರಡಿಸಿತು. ಗ್ರಾಹಕರ ಷೇರುಗಳನ್ನು ಅಡವಿಟ್ಟು ಕಂಪನಿ ಸಾಲ ಎತ್ತಿತ್ತು. ಡಿಸೆಂಬರ್ ಮೊದಲ ವಾರದಲ್ಲಿ 80 ಸಾವಿರಕ್ಕೂ ಹೆಚ್ಚು ಗ್ರಾಹಕರ ಖಾತೆಗೆ ಷೇರು ಮರಳಿತು. ಮುಂದಿನ ವರ್ಷ ವಿನಿಮಯ ಕೇಂದ್ರ ಕಾರ್ವಿಯನ್ನು ಹೊರಹಾಕಿತು.

ಆ ನಂತರ ನಿಯಮ ಬಿಗಿಯಾಯಿತು. ಈಗ ಪವರ್ ಆಫ್ ಅಟಾರ್ನಿ ಬದಲು ಡಿಡಿಪಿಐ ಎಂಬ ಸೀಮಿತ ಒಪ್ಪಿಗೆ ಇದೆ, ಅದೂ ಕಡ್ಡಾಯವಲ್ಲ. ಅದನ್ನು ಕೊಡದಿದ್ದರೆ ಪ್ರತಿ ಮಾರಾಟಕ್ಕೂ ಟಿಪಿನ್ ಮತ್ತು ಒಟಿಪಿ ಹಾಕಿ ಒಪ್ಪಿಗೆ ಕೊಡುತ್ತೀರಿ. ಅಪರೂಪಕ್ಕೆ ಮಾರುವ ಕುಟುಂಬಕ್ಕೆ ಅಷ್ಟು ಸಾಕು. 2025ರ ಫೆಬ್ರುವರಿ 25ರಿಂದ ಕೊಂಡ ಷೇರು ಬ್ರೋಕರ್ ಖಾತೆಯಲ್ಲಿ ತಂಗದೆ ನೇರವಾಗಿ ನಿಮ್ಮ ಡಿಮ್ಯಾಟ್‌ಗೆ ಬರುತ್ತದೆ.

ಆದರೂ ನಿಯಮ ಕಾಯುವುದು ಜಾಗ್ರತೆ ಇರುವವರನ್ನು. ಖಾಲಿ ಡೆಲಿವರಿ ಚೀಟಿಗೆ ಸಹಿ ಹಾಕಿ ಯಾರಿಗೂ ಕೊಡಬೇಡಿ, ಅದು ಸಹಿ ಹಾಕಿದ ಖಾಲಿ ಚೆಕ್ಕಿಗೆ ಸಮ. ‘ಮೊದಲು ಷೇರನ್ನು ನಮ್ಮ ಖಾತೆಗೆ ಹಾಕಿ, ಮಾರಿ ಹಣ ಕಳಿಸುತ್ತೇವೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹೇಳುವವರನ್ನು ನಂಬಬೇಡಿ. ವರ್ಗಾವಣೆಯಾಗಬೇಕಾದ ಖಾತೆ ನಿಮ್ಮದೇ ಹೆಸರಿನದಾಗಿರಬೇಕು, ಹಣ ಬರಬೇಕಾದದ್ದು ನಿಮ್ಮದೇ ಬ್ಯಾಂಕ್ ಖಾತೆಗೆ. ಹಳೆಯ ಡಿಪಿ ಕಾರಣವಿಲ್ಲದೆ ಎಳೆದಾಡಿದರೆ ಬರಹದಲ್ಲಿ ದೂರು ಕೊಡಿ. ಪರಿಹಾರ ಸಿಗದಿದ್ದರೆ ಸೆಬಿಯ ಸ್ಕೋರ್ಸ್ ವ್ಯವಸ್ಥೆಯಲ್ಲಿ ದಾಖಲಿಸಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

9. ದಾನಿಗಳಿಗೆ ಎರಡು ಮಾತು

‘ಹಳೆಯ ಷೇರು ಇದೆ, ಅದನ್ನೇ ಟ್ರಸ್ಟಿಗೆ ಕೊಡಬಹುದೇ’ ಎಂದು ಕೆಲವು ದಾನಿಗಳು ಕೇಳುವುದುಂಟು. ನಾವು 80ಜಿ ಎಂದು ಕರೆಯುವ ತೆರಿಗೆ ವಿನಾಯಿತಿ ಹಣದ ರೂಪದ ದಾನಕ್ಕೆ ಮಾತ್ರ. ಷೇರನ್ನೇ ವರ್ಗಾಯಿಸಿದರೆ ಅದು ಸಿಗುವುದಿಲ್ಲ. 2,000 ರೂ. ಮೀರಿದ ನಗದಿಗೂ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಆದ್ದರಿಂದ ಷೇರನ್ನು ನಿಮ್ಮ ಹೆಸರಿನಲ್ಲೇ ಮಾರಿ, ಹಣವನ್ನು ಚೆಕ್ ಅಥವಾ ಬ್ಯಾಂಕ್ ಮೂಲಕ ಕಳಿಸುವುದು ಸರಳ. ಬ್ರೋಕರ್ ಸಿಗುತ್ತಿಲ್ಲ ಎಂದು ಹಲವು ವರ್ಷಗಳಿಂದ ಮುಟ್ಟದೆ ಬಿಟ್ಟ ಖಾತೆಯೊಂದು ನಿಮ್ಮಲ್ಲಿದ್ದರೆ, ಮೇಲಿನ ಎರಡನೇ ದಾರಿ ನಿಮಗೂ ತೆರೆದಿದೆ. ಒಬ್ಬ ವಿದ್ಯಾರ್ಥಿಯ ಒಂದು ವರ್ಷ ಆ ಖಾತೆಯಲ್ಲಿ ಮಲಗಿರಬಹುದು.

10. ಪಾಠದ ಕೊನೆಯ ಪ್ರಶ್ನೆಗಳು

ಮನೆಯವರೆಲ್ಲ ಒಟ್ಟಿಗೆ ಕುಳಿತು ಇವಕ್ಕೆ ಒಂದು ಹಾಳೆಯಲ್ಲಿ ಉತ್ತರ ಬರೆಯಿರಿ. ಓದುವ ಮಗನೋ ಮಗಳೋ ಬರೆದುಕೊಳ್ಳಲಿ, ಅವರೂ ಕಲಿತಂತಾಯಿತು.

• ನಮ್ಮ ಡಿಮ್ಯಾಟ್ ಖಾತೆಯ ಸಂಖ್ಯೆ ಏನು? ಅದು ಯಾವ ಡಿಪಾಸಿಟರಿಯದು?
• ಖಾತೆಯಲ್ಲಿರುವ ಫೋನ್ ನಂಬರ್, ಇ-ಮೇಲ್ ಈಗ ನಡೆಯುತ್ತಿವೆಯೇ?
• ನಾಮಿನಿ ಯಾರು? ಅವರಿಗೆ ಇದು ಗೊತ್ತಿದೆಯೇ?
• ಹಳೆಯ ಬ್ರೋಕರ್‌ಗೆ ಪವರ್ ಆಫ್ ಅಟಾರ್ನಿ ಕೊಟ್ಟಿದ್ದೇವೆಯೇ?
• ಪ್ರತಿ ಷೇರನ್ನು ಯಾವಾಗ, ಎಷ್ಟಕ್ಕೆ ಕೊಂಡೆವು? ಕಾಗದ ಎಲ್ಲಿದೆ?
• ಟ್ರಂಕಿನಲ್ಲಿ ಕಾಗದದ ಷೇರು ಪತ್ರ ಇದೆಯೇ?

ಸಿಇಟಿ ಸೀಟು ಹಂಚಿಕೆಯಾದ ಮೇಲೆ ಶುಲ್ಕ ಕಟ್ಟಲು ಸಿಗುವುದು ಕೆಲವೇ ದಿನ. ಆದ್ದರಿಂದ ಮಗು ಪರೀಕ್ಷೆಗೆ ಓದುತ್ತಿರುವಾಗಲೇ, ಅಂದರೆ ಫೆಬ್ರುವರಿ ಮಾರ್ಚ್‌ನಲ್ಲೇ, ಹೊಸ ಖಾತೆ ತೆರೆದು ಷೇರು ವರ್ಗಾವಣೆ ಮುಗಿಸಿಡಿ. ಮಾರುವ ದಿನವನ್ನು ಆಮೇಲೆ ನಿಶ್ಚಯಿಸಬಹುದು.